ಜೀಪಿನ ಸ್ಟೇರಿಂಗ್ ಪ್ಲೇ: ಬಾಕ್ಸಿಗೆ ಕೈ ಹಾಕುವ ಮೊದಲು

ಶಿರಸಿ, 9 ನವೆಂಬರ್ 2025, ಭಾನುವಾರ

ಅಡಿಕೆಯ ಕೊನೆಕೊಯ್ಲು ಶುರುವಾದರೆ ಜೀಪಿಗೆ ಬಿಡುವಿಲ್ಲ. ಅದಕ್ಕೇ ಇವತ್ತು ಸ್ಟೇರಿಂಗ್ ಕೆಲಸಕ್ಕೆ ಕೂತೆ. ನಾಲ್ಕು ಬೆರಳಷ್ಟು ತಿರುಗಿಸಿದರೂ ಟೈರು ಕದಲುತ್ತಿರಲಿಲ್ಲ. ಈ ಸಡಿಲಕ್ಕೇ ಪ್ಲೇ ಅನ್ನುವುದು. ತೋಟದ ದಾರಿಯಲ್ಲಿ ಹೇಗೋ ನಡೆಯುತ್ತದೆ. ದೇವಿಮನೆ ಘಟ್ಟದ ತಿರುವಿನಲ್ಲಿ ಎದುರಿಗೆ ಲಾರಿ ಬಂದರೆ?

ನಮ್ಮದು ಹಳೇ ಮಹೀಂದ್ರ, ಸಿಜೆ3ಬಿ ಮಾದರಿ. ಆ ಕಂಪನಿ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿದ್ದು 1947ರಲ್ಲಿ. ಸ್ಟೇರಿಂಗ್ ಮಟ್ಟಿಗೆ ನಮ್ಮ ಗಾಡಿ ಇನ್ನೂ ಆ ಕಾಲದ್ದೇ. ಸ್ಟೇರಿಂಗ್ ಕಂಬದ ಬುಡದಲ್ಲಿರುವ ಗೇರ್ ಬಾಕ್ಸಿನಿಂದ ಡ್ರ್ಯಾಗ್ ಲಿಂಕ್ ಅನ್ನುವ ಸರಳು, ಅದರ ತುದಿಗೆ ಚಾಸಿಯ ಮುಂದಿನ ಅಡ್ಡಪಟ್ಟಿಯಲ್ಲಿ ಕೂತ, ಪಿನ್ನಿನ ಮೇಲೆ ತಿರುಗುವ ಬೆಲ್ ಕ್ರ್ಯಾಂಕ್, ಅಲ್ಲಿಂದ ಚಕ್ರಕ್ಕೊಂದು ಸರಳು, ಅದೇ ಟೈ ರಾಡ್. ಒಂದೊಂದು ಕೀಲು ಕೂದಲೆಳೆಯಷ್ಟು ಸವೆದರೂ ಎಲ್ಲಾ ಕೂಡಿ ಕೈಗೆ ಬರುವಾಗ ದೊಡ್ಡದಾಗುತ್ತದೆ.

ಪಕ್ಕದ ಮನೆ ಭಾವ ಬಂದವನು ನಿಂತಲ್ಲೇ ತೀರ್ಪು ಕೊಟ್ಟ. "ಬಾಕ್ಸಿನ ಸ್ಕ್ರೂ ಬಿಗಿ ಮಾಡು ಮಾರಾಯ, ಸರಿ ಆಗ್ತು."

ಎಲ್ಲರೂ ಹೇಳುವುದು ಇದನ್ನೇ. ನನಗಂತೂ ಒಪ್ಪಿಗೆ ಇಲ್ಲ. ಗಾಡಿ ಜಾಸ್ತಿ ಹೊತ್ತು ನೇರ ಓಡುತ್ತದೆ ಅಲ್ವಾ? ಅದಕ್ಕೇ ಬಾಕ್ಸಿನೊಳಗೆ ಸ್ಟೇರಿಂಗ್ ಜೊತೆ ತಿರುಗುವ ಕ್ಯಾಮಿನ ಸುರುಳಿ ಗ್ರೂವ್ ನಡುವಿನಲ್ಲಿ ಬಿಗಿಯಾಗಿರುವಂತೆ ಕೊರೆದಿರುತ್ತಾರೆ. ಮೊದಲು ಸವೆಯುವುದೂ ಆ ನಡುಭಾಗವೇ. ಅಲ್ಲಿನ ಪ್ಲೇ ಪೂರ್ತಿ ಹೋಗುವಷ್ಟು ಸ್ಕ್ರೂ ತಿರುಗಿಸಿದರೆ ಸವೆಯದ ಕಡೆ ಹಿಡಿದುಕೊಳ್ಳುತ್ತದೆ. ತಿರುವು ಮುಗಿದರೂ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಘಟ್ಟದಲ್ಲಿ ಅದು ಸಡಿಲ ಸ್ಟೇರಿಂಗಿಗಿಂತ ಕೆಟ್ಟದ್ದು. ನಮ್ಮ ಸ್ಕ್ರೂವಿನ ತಲೆ ಆಗಲೇ ಕಿತ್ತುಹೋಗಿದೆ. ಹಿಂದಿನವರು ಯಾರೋ ಈ ಪ್ರಯೋಗ ಮಾಡಿದ್ದಾರೆ.

ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮಗಳನ್ನು ಸೀಟಿನಲ್ಲಿ ಕೂರಿಸಿದೆ. ಎಂಜಿನ್ ಬಂದ್, ಟೈರು ನೆಲದ ಮೇಲೇ. ಅವಳು ಸ್ಟೇರಿಂಗನ್ನು ಸ್ವಲ್ಪ ಸ್ವಲ್ಪ ಎಡಕ್ಕೆ ಬಲಕ್ಕೆ ಆಡಿಸುವುದು, ನಾನು ಕೆಳಗೆ ಮಲಗಿ ಒಂದೊಂದೇ ಕೀಲಿಗೆ ಬೆರಳು ಇಡುವುದು. ಕೀಲಿನ ಈಚೆಯದು ಅಲ್ಲಾಡಿ ಆಚೆಯದು ಸುಮ್ನೆ ಇದ್ದರೆ ಕಳ್ಳ ಅಲ್ಲೇ ಇದ್ದಾನೆ.

"ಅಪ್ಪಾ, ಇನ್ನೂ ಎಷ್ಟು ಹೊತ್ತು?"

ಬಾಕ್ಸನ್ನು ಚಾಸಿಗೆ ಹಿಡಿದ ಬೋಲ್ಟುಗಳಲ್ಲಿ ಒಂದು ಸಡಿಲ ಇತ್ತು. ಟೈ ರಾಡ್ ಎಂಡ್‌ಗಳು ಗಟ್ಟಿ. ಬೆಲ್ ಕ್ರ್ಯಾಂಕ್ ಮಾತ್ರ ತಿರುಗುವ ಮೊದಲು ವಾಲುತ್ತಿತ್ತು. ಮುಂದಿನ ಚಕ್ರ ಜಾಕಿಯಲ್ಲಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಚಕ್ರ ಎಡಬಲಕ್ಕೆ ಹೊರಳುವ ಕೀಲಾದ ಕಿಂಗ್ ಪಿನ್, ವೀಲ್ ಬೇರಿಂಗ್‌ಗಳಲ್ಲಿ ಏನೂ ತೊಂದರೆ ಕಾಣಲಿಲ್ಲ.

ಬೆಲ್ ಕ್ರ್ಯಾಂಕಿನ ಮೇಲೆ ಮೊದಲೇ ಅನುಮಾನ ಇತ್ತು, ಕಿಟ್ಟನ್ನು ಹುಬ್ಬಳ್ಳಿಯಿಂದ ತರಿಸಿಟ್ಟಿದ್ದೆ. ಮುಂದುಗಡೆ, ತಗ್ಗಿನಲ್ಲಿ ಕೂತ ಸಾಮಾನು ಅದು. ನಮ್ಮ ಮಳೆಗಾಲದ ಕೆಸರೆಲ್ಲ ಸೀದಾ ಅದಕ್ಕೇ. ಪಿನ್ನು ತುಕ್ಕು ಹಿಡಿದು ಕೂತಿತ್ತು. ಡೀಸೆಲ್ ಬಿಟ್ಟು, ಚಾ ಕುಡಿದು ಬಂದು ಹೊಡೆದಾಗ ಕದಲಿತು. ಒಳಗೆ ನೀಡಲ್ ಬೇರಿಂಗ್ ಅಂತ ಏನೂ ಉಳಿದಿರಲಿಲ್ಲ, ಕೆಂಪು ಪುಡಿ ಅಷ್ಟೆ. ಗ್ರೀಸ್ ನಿಪ್ಪಲ್ ಮಣ್ಣು ತುಂಬಿ ಕಟ್ಟಿಹೋಗಿತ್ತು, ಗ್ರೀಸ್ ಒಳಗೆ ಹೋಗುವುದಾದರೂ ಹೇಗೆ? ಹೊಸ ಬೇರಿಂಗಿಗೆ ಗ್ರೀಸ್ ಮೆತ್ತಿ, ಹೊಸ ಪಿನ್ನು ಹಾಕಿ, ನಿಪ್ಪಲ್ಲನ್ನೂ ಬದಲಿಸಿದೆ.

ಡ್ರ್ಯಾಗ್ ಲಿಂಕಿನ ತುದಿಯ ಪ್ಲಗ್ ಬಿಚ್ಚಿದರೆ ಒಳಗೆ ಸ್ಪ್ರಿಂಗ್ ತುಂಡು. ಅದನ್ನು ಬದಲಿಸಿ, ಬೆಲ್ ಕ್ರ್ಯಾಂಕಿನ ಕಡೆಯ ಪ್ಲಗ್ಗನ್ನು ಪೂರ್ತಿ ಬಿಗಿ ಮಾಡಿ ಅರ್ಧ ಸುತ್ತು ಹಿಂದಕ್ಕೆ ಬಿಟ್ಟೆ. ಹಾಗೆ ಬಿಡದಿದ್ದರೆ ಕೀಲು ಆಡುವುದಿಲ್ಲ. ಆಮೇಲೆ ಪ್ಲಗ್ ತಿರುಗದಂತೆ ಹಿಡಿಯುವ ಹೊಸ ಸ್ಪ್ಲಿಟ್ ಪಿನ್. ಹಳೇ ಪಿನ್ನನ್ನೇ ಸುತ್ತಿಗೆಯಲ್ಲಿ ನೆಟ್ಟಗೆ ಮಾಡಿ ಹಾಕುವವರನ್ನು ನೋಡಿದ್ದೇನೆ. ಚಿಲ್ಲರೆ ದುಡ್ಡಿನ ಸಾಮಾನಿನಲ್ಲಿ ಇದೆಂತ ಜಿಪುಣತನ!

ಕೊನೆಗೆ ಟೋ, ಅಂದರೆ ಮುಂದಿನ ಚಕ್ರಗಳು ಮುಂದುಗಡೆ ಎಷ್ಟು ಒಳಕ್ಕೆ ವಾಲಿವೆ ಅಂತ ನೋಡಿದೆ. ಒಂದೊಂದು ಟೈರಿನ ನಡುಮಧ್ಯದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಎರಡು ಗುರುತಿನ ನಡುವಿನ ದೂರ ಮುಂದುಗಡೆ ಅಳೆದೆ. ಗುರುತು ಹಿಂದಕ್ಕೆ ಬರುವಂತೆ ಗಾಡಿ ಉರುಳಿಸಿ ಮತ್ತೆ ಅಳೆದೆ. ಮುಂದೆ 1ರಿಂದ 2 ಮಿ.ಮೀ. ಕಡಿಮೆ ಇರಬೇಕು. ಇತ್ತು.

ನೀಲೇಕಣಿ ಕಡೆಗೆ ಒಂದು ಸುತ್ತು ಹೋಗಿ ಬಂದೆ. ಈಗ ಪ್ಲೇ ಒಂದು ಬೆರಳಿನಷ್ಟು, ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನೇ ನೆಟ್ಟಗಾಗುತ್ತದೆ. ಬಾಕ್ಸಿನ ಸ್ಕ್ರೂ ಮುಟ್ಟಲಿಲ್ಲ, ಗೇರ್ ಆಯಿಲ್ ತುಂಬಿದೆ ಅಷ್ಟೆ. ಕೆಳಗಿನ ಆಯಿಲ್ ಸೀಲ್ ಜಿನುಗುತ್ತಿದೆ. ಅದಕ್ಕೆ ಪಿಟ್‌ಮನ್ ಆರ್ಮ್, ಅಂದರೆ ಬಾಕ್ಸಿನಿಂದ ಡ್ರ್ಯಾಗ್ ಲಿಂಕನ್ನು ಆಡಿಸುವ ತೋಳು ಬಿಚ್ಚಬೇಕು, ಅದನ್ನು ಎಳೆದು ತೆಗೆಯುವ ಪುಲ್ಲರ್ ನನ್ನ ಹತ್ತಿರ ಇಲ್ಲ. ನಾಳೆ ಪೇಟೆಗೆ ಹೋದಾಗ ಗ್ಯಾರೇಜಿನಲ್ಲಿ ಕೇಳಬೇಕು.