ಪೀಟ್ ನೆಲದಲ್ಲಿ ಸ್ಪ್ರೂಸ್ ಬೆಳೆಸಿದ ಜಮೀನ್ದಾರ: ಸರ್ ಜಾನ್ ಸ್ಟರ್ಲಿಂಗ್ ಮ್ಯಾಕ್ಸ್‌ವೆಲ್

ಸ್ಕಾಟ್ಲೆಂಡಿನ ಕೊರೌರ್ ರೈಲು ನಿಲ್ದಾಣ ಸಮುದ್ರಮಟ್ಟದಿಂದ 408 ಮೀಟರ್ ಎತ್ತರದಲ್ಲಿದೆ. ಬ್ರಿಟನ್ನಿನ ಮುಖ್ಯ ಮಾರ್ಗಗಳಲ್ಲಿ ಇದಕ್ಕಿಂತ ಎತ್ತರದ ನಿಲ್ದಾಣವಿಲ್ಲ. ಸುತ್ತಲೂ ಪೀಟ್ ನೆಲ: ನೀರು ನಿಂತಲ್ಲಿ ಪಾಚಿ, ಹುಲ್ಲು ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರಗಟ್ಟಿದ ಕಪ್ಪು, ಒದ್ದೆ ನೆಲ. ಹುಳಿ ಜಾಸ್ತಿ, ಗಾಳಿಯಾಡದು, ರಂಜಕ ಇಲ್ಲವೆನ್ನುವಷ್ಟು ಕಡಿಮೆ. ಜಿಂಕೆ ಬೇಟೆಗೆ ಬಿಟ್ಟರೆ ಬೇರೆ ಯಾವುದಕ್ಕೂ ಆಗದು ಎನಿಸಿಕೊಂಡಿದ್ದ ಈ ಜಾಗವನ್ನು 1891ರಲ್ಲಿ ಕೊಂಡವರು ಸರ್ ಜಾನ್ ಸ್ಟರ್ಲಿಂಗ್ ಮ್ಯಾಕ್ಸ್‌ವೆಲ್ (1866–1956).

ಗ್ಲಾಸ್ಗೋ ಬಳಿಯ ಪೊಲ್ಲಾಕ್ ಎಸ್ಟೇಟಿಗೆ ಅವರು ಹನ್ನೊಂದನೇ ವಯಸ್ಸಿನಲ್ಲೇ ವಾರಸುದಾರರು. 1895ರಿಂದ 1906ರವರೆಗೆ ಕನ್ಸರ್ವೇಟಿವ್ ಪಕ್ಷದ ಸಂಸದ. 1919ರಲ್ಲಿ ಬ್ರಿಟನ್ನಿನ ಅರಣ್ಯ ಆಯೋಗ ಹುಟ್ಟಿದಾಗ ಮೊದಲ ಸದಸ್ಯರಲ್ಲಿ ಒಬ್ಬರು, 1929ರಿಂದ 1932ರವರೆಗೆ ಅದರ ಅಧ್ಯಕ್ಷರು. ಹುದ್ದೆಗಳ ಈ ಪಟ್ಟಿ ಓದಿದರೆ ಆ ಕಾಲದ ಯಾವ ಬ್ಯಾರನೆಟ್‌ನ (ವಂಶಪಾರಂಪರ್ಯ ‘ಸರ್’ ಬಿರುದಿನವರ) ಜೀವನಚರಿತ್ರೆಯೂ ಹೀಗೇ ಕಾಣುತ್ತದೆ. ಅವರನ್ನು ಬೇರೆಯಾಗಿಸಿದ್ದು ಕೊರೌರ್‌ನಲ್ಲಿ ಸತ್ತ ಸಸಿಗಳು. ಫಲ ಸಿಗಲು ಇಪ್ಪತ್ತು ವರ್ಷ ಕಾಯಬೇಕಾದ ಪ್ರಯೋಗಕ್ಕೆ ಆಗ ಯಾವ ಖಜಾನೆಯೂ ದುಡ್ಡು ಬಿಚ್ಚುತ್ತಿರಲಿಲ್ಲ. ಸ್ವಂತ ನೆಲ, ಸ್ವಂತ ಹಣ ಇದ್ದವರಷ್ಟೇ ಸೋತು, ಯಾಕೆ ಸೋತೆವೆಂದು ನೋಡಿ, ಮತ್ತೆ ನೆಡಬಹುದಿತ್ತು.

ಪೀಟ್‌ನಲ್ಲಿ ಗುಂಡಿ ತೋಡಿ ಸ್ಪ್ರೂಸ್ ಎಂಬ ಸೂಜಿಎಲೆ ಮರದ ಸಸಿ ಇಟ್ಟರೆ ಬೇರು ನೀರಿನಲ್ಲಿ ಉಸಿರುಕಟ್ಟಿ ಸಾಯುತ್ತದೆ. ಬೆಲ್ಜಿಯಂನ ಎತ್ತರದ ಜೌಗು ನೆಲಗಳಲ್ಲಿ ಇದಕ್ಕೊಂದು ಉಪಾಯವಿತ್ತು. 20ನೇ ಶತಮಾನದ ಮೊದಲ ದಶಕದಲ್ಲಿ ಸ್ಟರ್ಲಿಂಗ್ ಮ್ಯಾಕ್ಸ್‌ವೆಲ್ ಅದನ್ನು ಕೊರೌರ್‌ಗೆ ತಂದರು. ಮೊದಲು ಇಳಿಜಾರು ನೋಡಿಕೊಂಡು ಬಸಿಗಾಲುವೆ ತೆಗೆಯಬೇಕು. ಹಾಗೆ ತೆಗೆಯುವಾಗ ಹುಲ್ಲುಬೇರು ಸಮೇತ ಹೆಂಟೆಗಳನ್ನು ಕತ್ತರಿಸಬೇಕು; ಸುಮಾರು ಒಂದೂಕಾಲು ಅಡಿ ಚೌಕ, ಅರ್ಧ ಅಡಿಗಿಂತ ತುಸು ಹೆಚ್ಚು ದಪ್ಪ. ಪ್ರತಿ ಹೆಂಟೆಯನ್ನೂ ಐದೈದು ಅಡಿ ದೂರದಲ್ಲಿ, ಹುಲ್ಲಿನ ಮುಖ ಕೆಳಗೆ ಬರುವಂತೆ ಮಗುಚಿ ಹಾಕಬೇಕು. ಈ ಅಂತರದಲ್ಲಿ ಎಕರೆಗೆ 1,700ಕ್ಕೂ ಹೆಚ್ಚು ಹೆಂಟೆ, ಎಲ್ಲ ಗುದ್ದಲಿಯಲ್ಲಿ, ಎಲ್ಲ ಕೈಕೆಲಸ.

ಮಗುಚುವುದರಲ್ಲೇ ಗುಟ್ಟಿದೆ. ಹೆಂಟೆಯ ಹುಲ್ಲು, ನೆಲದ ಹುಲ್ಲು ಎರಡೂ ಮುಖಾಮುಖಿಯಾಗಿ ನಡುವೆ ಸಿಕ್ಕಿಕೊಳ್ಳುತ್ತವೆ. ಆ ಪದರ ಕೊಳೆತಂತೆ ಸಸಿಗೆ ಗೊಬ್ಬರ, ಜೊತೆಗೆ ಬೇರು ಅಡ್ಡಡ್ಡ ಹರಿಯಲು ಗಾಳಿಯಾಡುವ ದಾರಿ. ಸುತ್ತಲ ಕಳೆಯೂ ಒಂದೆರಡು ವರ್ಷ ತಲೆಯೆತ್ತುವುದಿಲ್ಲ. ಹೆಂಟೆ ಚಳಿಗಾಲವಿಡೀ ಬಿದ್ದು ನೆಲಕ್ಕೆ ಕಚ್ಚಿಕೊಂಡ ಮೇಲೆ ವಸಂತದಲ್ಲಿ ಅದನ್ನು ಸೀಳಿ ಸಸಿ ನೆಡುತ್ತಾರೆ. ಬೇರಿನ ತುದಿ ಆ ನಡುಪದರವನ್ನು ಮುಟ್ಟಲೇಬೇಕು. ಮೇಲೆಯೇ ನಿಂತರೆ ಮೊದಲ ಒಣಹವೆಗೆ ಹೆಂಟೆ ಬಿರುಕುಬಿಟ್ಟು ಸಸಿ ಸೊರಗುತ್ತದೆ. ವಿಪರೀತ ದಪ್ಪ ಕತ್ತರಿಸಿದರೂ, ಕತ್ತರಿಸಿದ ಕೂಡಲೇ ನೆಟ್ಟರೂ ಇದೇ ಗತಿ.

ಇಷ್ಟು ಮಾಡಿದರೂ ಬಡ ಪೀಟ್‌ನಲ್ಲಿ ಸಸಿ ಬದುಕುತ್ತಿತ್ತೇ ಹೊರತು ಬೆಳೆಯುತ್ತಿರಲಿಲ್ಲ. ಬೇಸಿಕ್ ಸ್ಲ್ಯಾಗ್ ಬಂದದ್ದು ಇಲ್ಲಿ. ರಂಜಕವಿರುವ ಅದಿರಿನಿಂದ ಉಕ್ಕು ಮಾಡುವಾಗ ಉಳಿಯುವ ಕಿಟ್ಟದ ಪುಡಿ ಅದು, ಆಗ ಅಗ್ಗದ ರಂಜಕ ಗೊಬ್ಬರ. ಸಸಿಗೆ ಎರಡು ಔನ್ಸ್, ಅಂದರೆ ಐವತ್ತು-ಅರವತ್ತು ಗ್ರಾಂ ಸಾಕಿತ್ತು. ಒಂದು ಹಿಡಿಯೊಳಗೆ ಅಡಗುವ ಈ ಪ್ರಮಾಣವೇ ಹಳದಿ ಸಸಿಗೂ ಹಸಿರು ಮರಕ್ಕೂ ಇದ್ದ ವ್ಯತ್ಯಾಸ.

ಹೆದರ್ ಪೊದೆಯ ಕಾಟ ಮಾತ್ರ ಸ್ಲ್ಯಾಗ್‌ಗೂ ಸುಲಭಕ್ಕೆ ಬಗ್ಗಲಿಲ್ಲ. ದಟ್ಟ ಹೆದರ್ ನಡುವೆ ಸ್ಪ್ರೂಸ್‌ಗೆ ಸಾರಜನಕ ದಕ್ಕದು. ಮರ ಸಾಯದೆ, ಬೆಳೆಯದೆ, ಹಳದಿಗಟ್ಟಿ ವರ್ಷಗಟ್ಟಲೆ ಸೊಂಟದೆತ್ತರದಲ್ಲೇ ನಿಲ್ಲುತ್ತದೆ. ಪೈನ್ ಇದನ್ನು ಸ್ಪ್ರೂಸ್‌ಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಇನ್ನು ಜಿಂಕೆ: ಬೇಟೆಯ ಎಸ್ಟೇಟಿನಲ್ಲಿ ಬೇಲಿ ಹಾಕದೆ ನೆಟ್ಟರೆ ನೆಟ್ಟದ್ದೆಲ್ಲ ಅವುಗಳ ಮೇವು.

ಮೊದಲ ಮಹಾಯುದ್ಧ ಈ ಖಾಸಗಿ ಹವ್ಯಾಸವನ್ನು ಸರ್ಕಾರದ ಕೆಲಸವಾಗಿಸಿತು. ಗಣಿಗಳ ಸುರಂಗಕ್ಕೆ ಆಸರೆ ಕೊಡುವ ಕಂಬಗಳಿಗೂ ಬ್ರಿಟನ್ ಹಡಗಿನ ದಾರಿ ಕಾಯುತ್ತಿತ್ತು. ಜರ್ಮನ್ ಜಲಾಂತರ್ಗಾಮಿಗಳು ಆ ದಾರಿಗೇ ಅಡ್ಡ ಬಂದವು. ಸುಮಾರು 4,50,000 ಎಕರೆ ಕಾಡು ಯುದ್ಧಕ್ಕೆ ಬಲಿಯಾಯಿತು. ಯುದ್ಧಾನಂತರದ ಅರಣ್ಯ ನೀತಿ ಸೂಚಿಸಲು 1916ರಲ್ಲಿ ನೇಮಕವಾದ ಆಕ್ಲೆಂಡ್ ಉಪಸಮಿತಿಯಲ್ಲಿ ಸ್ಟರ್ಲಿಂಗ್ ಮ್ಯಾಕ್ಸ್‌ವೆಲ್ ಜೊತೆ ಇನ್ನೊಬ್ಬ ಜಮೀನ್ದಾರ ಲಾರ್ಡ್ ಲೊವಟ್, ಹಿಂದೆ ಭಾರತದ ಅರಣ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದ ವಿಲಿಯಂ ಷ್ಲಿಶ್ ಇದ್ದರು. 80 ವರ್ಷಗಳಲ್ಲಿ 17,70,000 ಎಕರೆ, ಮೊದಲ ಹತ್ತು ವರ್ಷಗಳಲ್ಲಿ 2,00,000 ಎಕರೆ ನೆಡಬೇಕೆಂಬುದು ಅವರ ಶಿಫಾರಸು. ಅದರಂತೆ 1919ರ ಕಾಯ್ದೆ ಬಂತು, ಲೊವಟ್ ಆಯೋಗದ ಮೊದಲ ಅಧ್ಯಕ್ಷರಾದರು. ಮೂರೇ ವರ್ಷಕ್ಕೆ, 1922ರಲ್ಲಿ, ಖರ್ಚು ಕಡಿತದ ಗೆಡ್ಡಿಸ್ ಸಮಿತಿ ಆಯೋಗವನ್ನೇ ಮುಚ್ಚಿ ಎಂದಿತು. ಹೇಗೋ ಉಳಿಯಿತು.

ಕೃಷಿಗೆ ಒಳ್ಳೆಯ ನೆಲ ಬಿಟ್ಟುಕೊಡುವವರು ಯಾರೂ ಇರಲಿಲ್ಲ. ಆಯೋಗದ ಪಾಲಿಗೆ ಬಂದದ್ದು ಗುಡ್ಡ, ಬಡ ಹುಲ್ಲುಗಾವಲು, ಪೀಟ್. ಕೊರೌರ್‌ನ ಅನುಭವಕ್ಕೆ ಬೆಲೆ ಬಂದದ್ದೇ ಇದರಿಂದ. ಫೋರ್ಟ್ ಅಗಸ್ಟಸ್ ಬಳಿಯ ಲೋನ್ ಮೋರ್‌ನಲ್ಲಿ ಆಯೋಗ 1920ರ ದಶಕದಲ್ಲಿ ಇದೇ ಜಾಡಿನಲ್ಲಿ ವ್ಯವಸ್ಥಿತ ಪ್ರಯೋಗ ನಡೆಸಿತು. ಮುಂದೆ ಗುದ್ದಲಿಯ ಜಾಗಕ್ಕೆ ಟ್ರ್ಯಾಕ್ಟರ್ ಎಳೆಯುವ ನೇಗಿಲು ಬಂದು, ಒಂದೊಂದೇ ಹೆಂಟೆಯ ಬದಲು ಉದ್ದುದ್ದ ಸಾಲು ಮಗುಚತೊಡಗಿತು. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಸಿಟ್ಕಾ ಸ್ಪ್ರೂಸ್ ಬ್ರಿಟನ್ನಿನ ಪ್ರಧಾನ ನಾಟಾ ಮರವಾಯಿತು. ನೇಗಿಲಿನಿಂದ ಹೊಸ ತೊಂದರೆಯೂ ಬಂತು: ಬೇರು ಸಾಲಿನುದ್ದಕ್ಕೆ ಹರಿಯುತ್ತದೆ, ಕಾಲುವೆ ದಾಟುವುದಿಲ್ಲ, ಆಳಕ್ಕೂ ಇಳಿಯುವುದಿಲ್ಲ. ಮರ ಎತ್ತರವಾದ ಮೇಲೆ ಬಿರುಗಾಳಿ ಬೀಸಿದರೆ ಬೇರಿನ ತಟ್ಟೆ ಸಮೇತ ಮಗುಚಿಕೊಳ್ಳುತ್ತದೆ.

ಅವರ ಇನ್ನೊಂದು ಮುಖ ನನಗೆ ಹೆಚ್ಚು ಕುತೂಹಲದ್ದು. ಗುಡ್ಡಗಳಿಗೆ ಪರದೇಶದ ಮರ ಹಾಸುವ ಆಯೋಗದಲ್ಲಿದ್ದವರೇ 1931ರಲ್ಲಿ ಹಳೆಯ ಕಟ್ಟಡ, ನಿಸರ್ಗತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಕಟ್ಟಿದವರಲ್ಲೂ ಒಬ್ಬರು. 1939ರಲ್ಲಿ ತಮ್ಮ ಪೊಲ್ಲಾಕ್ ಜಮೀನನ್ನು ಕಟ್ಟಡಗಳಿಂದ ಕಾಯಲು ಆ ಟ್ರಸ್ಟಿನೊಡನೆ ಕರಾರು ಮಾಡಿಕೊಂಡರು. ಒಡೆತನ ಮನೆತನದ್ದೇ, ಆದರೆ ಯಾರೇ ಒಡೆಯರಾದರೂ ಬಯಲನ್ನು ಬಯಲಾಗಿಯೇ ಉಳಿಸಬೇಕು. 1966ರಲ್ಲಿ ಅವರ ಮಗಳು ಪೊಲ್ಲಾಕ್ ಮನೆ, ತೋಟಗಳನ್ನು ಗ್ಲಾಸ್ಗೋ ನಗರಕ್ಕೆ ಕೊಟ್ಟರು. ನಗರದೊಳಗೆ ಅಷ್ಟು ದೊಡ್ಡ ಹಸಿರು ಇಂದಿಗೂ ಉಳಿದಿದೆ.

ಪೀಟ್ ವಿಷಯದಲ್ಲಿ ಅವರ ಲೆಕ್ಕಾಚಾರ ಈಗ ತಿರುಗಿದೆ. ಒಣಗಿಸಿದ ಪೀಟ್ ಕೊಳೆತು ಇಂಗಾಲವನ್ನು ಗಾಳಿಗೆ ಬಿಡುತ್ತದೆ, ಮರ ಹೀರುವುದಕ್ಕಿಂತ ಅದೇ ಹೆಚ್ಚಾಗುವುದೂ ಉಂಟು. 50 ಸೆಂಟಿಮೀಟರಿಗಿಂತ ಆಳದ ಪೀಟ್ ಮೇಲೆ ಹೊಸ ನೆಡುತೋಪು ಬೇಡ ಎನ್ನುತ್ತದೆ ಬ್ರಿಟನ್ನಿನ ಇಂದಿನ ಅರಣ್ಯ ಮಾನದಂಡ. ಸ್ಕಾಟ್ಲೆಂಡಿನ ಹಲವೆಡೆ ಈಗ ಸ್ಪ್ರೂಸ್ ಕಡಿದು, ಬಸಿಗಾಲುವೆಗಳಿಗೆ ಒಡ್ಡು ಹಾಕಿ ನೀರು ನಿಲ್ಲಿಸುತ್ತಿದ್ದಾರೆ. ಒಡ್ಡಿಗೆ ಬಳಸುವುದೂ ಪೀಟ್ ಹೆಂಟೆಗಳನ್ನೇ.