ಎಲ್ಲ ಸಂಸ್ಕೃತಿಗಳಿಗೂ ಒಂದೇ ನೀತಿ ಸಾಧ್ಯವೇ?

ಒಬ್ಬರ ಧರ್ಮ ಇನ್ನೊಬ್ಬರಿಗೆ ಅಧರ್ಮವಾಗಿರುವಾಗ, ಎಲ್ಲರಿಗೂ ಸಲ್ಲುವ ನೈತಿಕ ನಿಯಮ ಎಲ್ಲಿಂದ ಬರಬೇಕು? ನೀತಿಯ ವಿಚಾರವಾಗಿ ಬರೆಯುವ ನನ್ನನ್ನು ಜನ ಹೆಚ್ಚಾಗಿ ಕೇಳುವುದು ಇದನ್ನೇ. ಸಾಧ್ಯ ಎಂಬುದು ನನ್ನ ಉತ್ತರ. ಅಂಥ ನಿಯಮಗಳು ಬೆರಳೆಣಿಕೆಯಷ್ಟಿವೆ, ಅಷ್ಟೇ.

ಇಲ್ಲವೆನ್ನುವವರು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳಿದ ಪ್ರಸಂಗವನ್ನು ಮುಂದಿಡುತ್ತಾರೆ. ಪರ್ಷಿಯಾದ ದೊರೆ ಡೇರಿಯಸ್ ಗ್ರೀಕರನ್ನು ಕರೆದು, ಸತ್ತ ತಂದೆಯ ದೇಹವನ್ನು ತಿನ್ನಲು ಎಷ್ಟು ಹಣ ಬೇಕು ಎಂದು ಕೇಳಿದ. ಎಷ್ಟು ಕೊಟ್ಟರೂ ಆಗದು ಎಂದರು. ಹಾಗೆ ತಿನ್ನುವ ರೂಢಿಯಿದ್ದ ಕಲ್ಲಾಟಿಯರು ಎಂಬ ಭಾರತದ ಕಡೆಯ ಜನರನ್ನು ಕರೆದು, ತಂದೆಯನ್ನು ಸುಡಲು ಎಷ್ಟು ಬೇಕು ಎಂದ. ಅಂಥ ಮಾತನ್ನೇ ಆಡಬೇಡಿ ಎಂದು ಅವರು ಕೂಗಿಕೊಂಡರು. ಆಚಾರ ಬೇರೆ, ದಿಟ. ಆದರೆ ನನ್ನ ಕಣ್ಣಿಗೆ ಬೀಳುವುದು ಎರಡೂ ಕಡೆಯ ಆ ತಳಮಳ. ತಂದೆಯ ದೇಹಕ್ಕೆ ಸಲ್ಲಬೇಕಾದ ಗೌರವವನ್ನು ಹಣಕ್ಕೆ ಮಾರಬಾರದು ಎಂಬಲ್ಲಿ ಇಬ್ಬರಿಗೂ ಜಗಳವೇ ಇಲ್ಲ.

ನೆರವಿಗೆ ಪ್ರತಿಯಾಗಿ ನೆರವು, ನ್ಯಾಯವಾದ ಹಂಚಿಕೆ, ಪರರ ಸ್ವತ್ತಿಗೆ ಗೌರವ: 60 ಸಮಾಜಗಳ ವಿವರಗಳನ್ನು ಹೋಲಿಸಿ 2019ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಅಧ್ಯಯನದಲ್ಲಿಯೂ ಇಂಥವು ಬಹುತೇಕ ಎಲ್ಲೆಡೆ ಒಳ್ಳೆಯ ನಡತೆಗಳೇ. ಇಷ್ಟರಿಂದಲೇ ನನಗೆ ಸಮಾಧಾನವಿಲ್ಲ. ತಮ್ಮೊಳಗೆ ನ್ಯಾಯವಾಗಿ ಹಂಚಿಕೊಂಡು, ಹೊರಗಿನವರನ್ನು ಗುಲಾಮರನ್ನಾಗಿ ಮಾರಿದ ಸಮಾಜಗಳು ಎಷ್ಟಿಲ್ಲ! ತಕರಾರು ಇರುವುದು ‘ನಮ್ಮವರು’ ಎಂಬ ಬೇಲಿಯನ್ನು ಎಲ್ಲಿ ಹಾಕಬೇಕು ಎಂಬಲ್ಲಿ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕರಡಿನಲ್ಲಿ ‘ಎಲ್ಲ ಪುರುಷರು’ ಎಂಬ ಅರ್ಥ ಕೊಡುವ ಪದವಿತ್ತು. ಭಾರತದ ಪ್ರತಿನಿಧಿ ಹಂಸಾ ಮೆಹ್ತಾ ಪಟ್ಟು ಹಿಡಿದದ್ದರಿಂದ ಅದು ‘ಎಲ್ಲ ಮಾನವರು’ ಎಂದಾಯಿತು. ಒಂದು ಪದಕ್ಕೆ ಬೇಲಿ ಅಷ್ಟು ದೂರ ಸರಿಯಿತು.

ಸಾರ್ವತ್ರಿಕ ಎನ್ನುತ್ತಾ ಬಲಾಢ್ಯರು ತಮ್ಮ ರೂಢಿಯನ್ನೇ ಹೇರುತ್ತಾರೆ ಎಂಬ ಆಕ್ಷೇಪ ಸುಳ್ಳಲ್ಲ. ನಾಗರಿಕತೆ ಕಲಿಸುತ್ತೇವೆ ಎಂದೇ ವಸಾಹತುಗಳನ್ನು ಕಟ್ಟಿದರು. ಆದರೂ ‘ಇದು ನಮ್ಮ ಸಂಸ್ಕೃತಿ’ ಎಂದು ಯಾರಾದರೂ ಕ್ರೌರ್ಯವನ್ನು ಸಮರ್ಥಿಸಿದಾಗ, ಪೆಟ್ಟು ತಿನ್ನುವವರೂ ಹಾಗೆನ್ನುತ್ತಾರೆಯೇ ಎಂದು ನಾನು ಕೇಳುತ್ತೇನೆ. ಸುಮಾರು 3,700 ವರ್ಷ ಹಳೆಯದಾದ, ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಶಾಸನವು, ಓಡಿಹೋದ ಗುಲಾಮನನ್ನು ಮನೆಯಲ್ಲಿ ಬಚ್ಚಿಟ್ಟವನಿಗೆ ಮರಣದಂಡನೆ ವಿಧಿಸುತ್ತದೆ. ಓಡುವವರು ಆಗಲೂ ಇದ್ದರು. ಕದ ತೆರೆದು ಒಳಗೆ ಕರೆದುಕೊಳ್ಳುವವರೂ ಇದ್ದಿರಬೇಕು.