17ನೇ ನಂಬರಿನ ಗೋದಿ

ಅಣ್ಣಿಗೇರಿ ಕಡೆ ನಮ್ಮದು ಎಂಟು ಎಕರೆ ಎರಿ ಹೊಲ. ಹಿಂಗಾರಿಗೆ ಕಡ್ಲಿ, ಬಿಳಿಜೋಳ, ಬೋರ್ ನೀರು ಮುಟ್ಟುವ ತುಂಡಿನಲ್ಲಿ ಗೋದಿ. ನಾನು ಧಾರವಾಡದಲ್ಲಿ ಎಂಎಸ್ಸಿ ಅಗ್ರಿ ಓದುವಾಗ ಅಪ್ಪ ಒಮ್ಮೆ, ಹೊಸ ಗೋದಿ ತಳಿಗಳ ಇಳುವರಿ ಹೋಲಿಸುವ ನನ್ನ ಪ್ರಯೋಗದ ಹೊಲ ನೋಡಲು ಬಂದಿದ್ದ. ಒಂದೊಂದು ಮಡಿಯಲ್ಲಿ ಆರು ಸಾಲು, ಆರು ಮೀಟರ್ ಉದ್ದ. ಅಂಥ ಅರವತ್ತು ಮಡಿ. ಅಪ್ಪ ಬದುವಿನ ಮೇಲೆ ನಿಂತು ನಕ್ಕೇಬಿಟ್ಟ.

"ಇದೇನ್ ಗೋದಿ ಹೊಲಾನೋ, ಕೊತ್ತಂಬರಿ ಮಡಿನೋ? ಇಷ್ಟರಾಗ ಏನ್ ತಿಳೀತೈತಿ ನಿಮಗ?"

ಆಮೇಲೆ ಒಂದು ಮಡಿಯ ತುದಿಗೆ ಹೋಗಿ ಒಂದು ಹಿಡಿ ತೆನೆ ಕೈಯಲ್ಲಿ ಹಿಡಿದ. "ನೋಡಿಲ್ಲೆ, ಗೋದಿ ಅಂದ್ರ ಇದು."

"ಅಪ್ಪಾ, ಅದು ಅಂಚಿಂದು," ಅಂದೆ.

ಅಂಚಿನ ಗಿಡ ಯಾವಾಗಲೂ ಮೋಸ ಮಾಡುತ್ತದೆ. ಅದರ ಒಂದು ಪಕ್ಕ ಖಾಲಿ ದಾರಿ. ಬಿಸಿಲು ಜಾಸ್ತಿ, ಬೇರಿಗೆ ನೀರು, ಗೊಬ್ಬರ ಜಾಸ್ತಿ. ಊಟದ ಪಂಕ್ತಿಯಲ್ಲಿ ಅಡುಗೆಮನೆ ಬಾಗಿಲ ಹತ್ತಿರ ಕೂತವನಿಗೆ ಹೋಳಿಗೆ ಎರಡು ಸಲ ಬರುತ್ತಲ್ಲ, ಹಾಗೆ. ಅದಕ್ಕೇ ಎರಡು ಪಕ್ಕದ ಸಾಲು ಬಿಟ್ಟು ನಡುವಿನ ನಾಲ್ಕೇ ಸಾಲು ಕೊಯ್ಯುತ್ತಿದ್ದೆವು. ಎರಡೂ ತುದಿಯಲ್ಲಿ ಅರ್ಧರ್ಧ ಮೀಟರ್ ಬಿಡಬೇಕು. ಸಾಲಿನ ನಡುವೆ 20 ಸೆಂಟಿಮೀಟರ್ ಅಂತರ. ಲೆಕ್ಕ ಹಾಕಿದರೆ ಕೈಗೆ ಸಿಗುವುದು 4 ಚದರ ಮೀಟರ್ ಬೆಳೆ, ಒಂದೂವರೆ ಕೆಜಿ ಆಸುಪಾಸು ಕಾಳು. ಅದರಿಂದ ಹೆಕ್ಟೇರಿಗೆ ಎಷ್ಟು ಕ್ವಿಂಟಲ್ ಅಂತ ಹೇಳಬೇಕು. ತಕ್ಕಡಿಯಲ್ಲಿ ಒಂದು ಗ್ರಾಂ ಆಚೀಚೆ ಆದರೆ ಹೆಕ್ಟೇರಿನಲ್ಲಿ ಎರಡೂವರೆ ಕೆಜಿ ಆಚೀಚೆ. ಅಪ್ಪ ನಕ್ಕಿದ್ದರಲ್ಲಿ ತಪ್ಪೇನಿಲ್ಲ ಬಿಡಿ.

ತಳಿಗಳು ಇಪ್ಪತ್ತು. ಯಾವುದಕ್ಕೂ ಹೆಸರಿಲ್ಲ, ಬರೀ ನಂಬರು. ಹೆಸರು ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ, ಅಲ್ವಾ? ಒಂದೊಂದನ್ನೂ ಹೊಲದ ಮೂರು ಕಡೆ, ಚೀಟಿ ಎತ್ತಿದ ಹಾಗೆ ಎಲ್ಲಿ ಬಂದರೆ ಅಲ್ಲಿ ಬಿತ್ತಿದ್ದೆವು. ಎರಿ ಮಣ್ಣು ನೋಡಲು ಒಂದೇ ಥರ ಕಂಡರೂ ಬದುವಿನ ಕಡೆ ಆಳ, ಮೇಲ್ಗಡೆ ತೆಳು. ಒಂದೇ ಕಡೆ ಹಾಕಿದರೆ ಗೆದ್ದದ್ದು ತಳಿಯೋ ಮಣ್ಣೋ ತಿಳಿಯುವುದಿಲ್ಲ. ಇವುಗಳ ನಡುವೆ ಒಂದು ಚೆಕ್ ತಳಿ ಇರಲೇಬೇಕು. ಆಗಲೇ ರೈತರ ಹೊಲದಲ್ಲಿ ಇರುವ ತಳಿ ಅದು. ನಮ್ಮದರಲ್ಲಿ ಯುಎಎಸ್ 304, ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದೇ. ಅದನ್ನು ಸೋಲಿಸದ ಹೊಸ ತಳಿ ಯಾರಿಗೆ ಬೇಕು? ಅದೂ ಒಂದು ವರ್ಷ, ಒಂದು ಊರಲ್ಲಿ ಸೋಲಿಸಿದರೆ ಸಾಲದು. ಹರಿಯಾಣದ ಕರ್ನಾಲ್‌ನ ಗೋದಿ ಸಂಶೋಧನಾ ಸಂಸ್ಥೆಯಿಂದ ನಡೆಯುವ ಅಖಿಲ ಭಾರತ ಪ್ರಯೋಗಗಳಲ್ಲಿ ನಮ್ಮ ವಲಯಕ್ಕೆ ಕರ್ನಾಟಕದ ಜೊತೆ ಮಹಾರಾಷ್ಟ್ರವೂ ಸೇರುತ್ತದೆ. ವರ್ಷ ವರ್ಷ ಸೋತವು ಹೊರಗೆ, ಉಳಿದವು ಮುಂದಕ್ಕೆ.

ನಾವೂ ಗೋದಿ ಬೆಳೆಯುವುದು ಚಳಿಗಾಲದಲ್ಲೇ. ಆದರೆ ಚಳಿಗಾಲದ ಗೋದಿ ಅಂತ ಗೂಗಲ್ ಮಾಡಿದರೆ ಅಮೆರಿಕದ ಕಾನ್ಸಾಸ್ ಬರುತ್ತದೆ. ಅದರ ಗುಣವೇ ಬೇರೆ. ವಾರಗಟ್ಟಲೆ ಕೊರೆಯುವ ಚಳಿ ತಿನ್ನದಿದ್ದರೆ ಅದು ತೆನೆಯನ್ನೇ ಬಿಡುವುದಿಲ್ಲ. ಅಲ್ಲಿನವರು ಚಳಿ ದಾಟಿ ಎಷ್ಟು ಗಿಡ ಬದುಕಿದವು ಅಂತ ಎಣಿಸುತ್ತಾರೆ. ನಮ್ಮ ಚಿಂತೆ ಫೆಬ್ರವರಿ ಬಿಸಿಲು. ನವೆಂಬರ್ ಮೊದಲ ಹದಿನೈದು ದಿನದಲ್ಲಿ ಬಿತ್ತಿದರೆ ಸರಿ, ತಡವಾದರೆ ಹಾಲುಗಾಳಿನ ಹೊತ್ತಿಗೆ ಬಿಸಿಲು ಏರಿ ಕಾಳು ಜೊಳ್ಳಾಗುತ್ತದೆ. ಅದಕ್ಕೇ ತಡವಾಗಿ ಬಿತ್ತುವ ಪ್ರಯೋಗವೂ ಬೇರೆ ಇರುತ್ತದೆ.

ಇನ್ನೊಂದು ಚಿಂತೆ ಭಂಡಾರ ರೋಗ, ಅಂದರೆ ತುಕ್ಕು ರೋಗ. ಹೆಸರಿಟ್ಟವರು ನಮ್ಮ ಕಡೆಯವರೇ ಇರಬೇಕು. ಎಲೆ ಸವರಿದರೆ ಮೈಲಾರಲಿಂಗನ ಗುಡಿಗೆ ಹೋಗಿ ಬಂದಂತೆ ಬೆರಳೆಲ್ಲ ಪುಡಿ. ರೋಗ ನೋಡಲೆಂದೇ ಬೇರೆ ಕಡೆ ಬಿತ್ತಿ, ಸುತ್ತಲೂ ಬೇಗ ರೋಗ ಹತ್ತುವ ತಳಿ ಹಾಕಿ, ಬೇಕಂತಲೇ ಹಬ್ಬಿಸುತ್ತಾರೆ. ಆಮೇಲೆ ಎಲೆಯ ಎಷ್ಟು ಪಾಲು ತುಂಬಿದೆ ಅಂತ ನೂರಕ್ಕೆ ಲೆಕ್ಕ. ಅಪ್ಪನಿಗೆ ಇದೊಂದು ಮಾತ್ರ ಹಿಡಿಸಲಿಲ್ಲ. "ರೋಗ ಬಿತ್ತಾರ ಯಾರರ?"

ಈಗ ನನ್ನ ತಪ್ಪು. ಮಾರ್ಚ್ ತಿಂಗಳು, ಕೊಯ್ಲಿನ ಕೊನೆಯ ದಿನ. ಕೆಲಸದವರು ಸಂಜೆ ಐದಕ್ಕೇ ಮನೆಗೆ ಹೋದರು. ಒಂದೇ ಮಡಿ ಉಳಿದಿತ್ತು, ನಾಳೆಗೆ ಯಾಕೆ ಅಂತ ನಾನೇ ಕುಡಗೋಲು ಹಿಡಿದು ಕೂತೆ. ಒಕ್ಕಿ, ತೂರಿ, ಬಟ್ಟೆ ಚೀಲಕ್ಕೆ ಹಾಕಿ, ಒಳಗೊಂದು ಹೊರಗೊಂದು ಚೀಟಿ ಕಟ್ಟಿ ತೂಗಿದರೆ 2 ಕೆಜಿ! ಹೆಕ್ಟೇರಿಗೆ 50 ಕ್ವಿಂಟಲ್. ಚೆಕ್ ಸರಾಸರಿ 39. 17ನೇ ನಂಬರು. ರಾತ್ರಿಯಿಡೀ ನಿದ್ದೆ ಬರಲಿಲ್ಲ, ತಳಿ ನಾನೇ ಹುಟ್ಟಿಸಿದಷ್ಟು ಹಿಗ್ಗು.

ಬೆಳಿಗ್ಗೆ ನನ್ನ ಗೈಡ್ ಬಂದು ತೂಕ ಬರೆದ ಪುಸ್ತಕ ನೋಡಿದರು. ಉಳಿದೆರಡು ಕಡೆ ಅದೇ ತಳಿ 38, 36. ಅವರು ಬೈಯಲಿಲ್ಲ. "ತುದಿ ಬಿಟ್ಟಿದ್ದೇನಮ್ಮಾ?" ಅಂತ ಕೇಳಿದರು, ಅಷ್ಟೇ.

ಬಿಟ್ಟಿರಲಿಲ್ಲ. ಪಕ್ಕದ ಸಾಲು ನೆನಪಿಟ್ಟು ಬಿಟ್ಟಿದ್ದೆ, ತುದಿಯ ಅರ್ಧ ಮೀಟರ್ ಮರೆತಿದ್ದೆ. ಹೊಲಕ್ಕೆ ಓಡಿ ನೋಡಿದರೆ ಉಳಿದ ಮಡಿಗಳ ತುದಿಯಲ್ಲಿ ಗೋದಿ ಗುಂಪು ಗುಂಪಾಗಿ ನಿಂತಿದೆ, ನನ್ನ ಮಡಿಯ ತುದಿಯಲ್ಲಿ ನಡುವಿನ ನಾಲ್ಕು ಸಾಲೂ ಬರೀ ಕೂಳೆ. ಅಪ್ಪ ಕೈಯಲ್ಲಿ ಹಿಡಿದು ತೋರಿಸಿದ್ದ ಅದೇ ತೆನೆಗಳು ನನ್ನ ಚೀಲ ಸೇರಿದ್ದವು. ಪುಸ್ತಕದಲ್ಲಿ 2 ಕೆಜಿ ಹೊಡೆದು ಅಡ್ಡಗೆರೆ ಹಾಕಿದೆ.

ಆ ಚೀಲದ ಕಾಳನ್ನು ಆಮೇಲೆ ಊರಿಗೆ ಒಯ್ದೆ. ಅವ್ವ ಬೀಸಿಸಿ ಚಪಾತಿ ಮಾಡಿದಳು. ಲ್ಯಾಬಿನಲ್ಲೂ ಚಪಾತಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ, ಬಣ್ಣ, ಮೆದು, ರುಚಿ ಎಲ್ಲ ನೋಡಿ. ಅವ್ವ ಅಂಕ ಕೊಡಲಿಲ್ಲ. "ಮುಂಜಾನಿ ಮಾಡಿದ್ದು ಸಂಜಿಗೆ ಬಿರುಸಾತು ನೋಡು. ಹುಗ್ಗಿಗಂತೂ ಜವೆಗೋದೀನ ಬೇಕು," ಅಂದಳು. ಅಪ್ಪ ಮಾತ್ರ ನಾಲ್ಕು ತಿಂದ.

ಮುಂದಿನ ವರ್ಷದ ಪಟ್ಟಿಯಲ್ಲಿ 17 ಇರಲಿಲ್ಲ. ಅದರ ನಿಜವಾದ ಹೆಸರೇನು ಅಂತ ಕೇಳಬಹುದಿತ್ತು. ಕೇಳಲಿಲ್ಲ.